ನ್ಗುಲ್ಟ್ರಂ ರೂಪಾಯಿಗೆ ಸಮ, ಆದರೆ ರೂಪಾಯಿ ಅಲ್ಲ

ಪ್ರಶ್ನೆ: ಭೂತಾನದ ನ್ಗುಲ್ಟ್ರಂ ನಮ್ಮ ರೂಪಾಯಿಗೆ ಸಮ ಅಂತಾರೆ. ಹಾಗಿದ್ದ ಮೇಲೆ 2012ರಲ್ಲಿ ಅಲ್ಲಿ ರೂಪಾಯಿಗೆ ಬರ ಬಂದಿದ್ದು ಹೇಗೆ? ತಮ್ಮ ನೋಟನ್ನೇ ಜಾಸ್ತಿ ಅಚ್ಚು ಹಾಕಿದ್ದರೆ ಆಗುತ್ತಿರಲಿಲ್ಲವೇ?

ಉತ್ತರ: ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಜೊತೆಗೆ, ನೋಟು ಅಚ್ಚು ಹಾಕಿದ್ದರೆ ಸಾಕಿತ್ತು ಅನ್ನುವ ಯಾವುದೋ ವಿಡಿಯೊ ಕೂಡ. ದರ ಬೇರೆ, ದುಡ್ಡು ಬೇರೆ ಅನ್ನೋದು ಆ ವಿಡಿಯೊ ಮಾಡುವವರಿಗೆ ಗೊತ್ತಿಲ್ಲ. ದಯವಿಟ್ಟು ಅದನ್ನು ನಂಬಬೇಡಿ.

ಒಂದು ನ್ಗುಲ್ಟ್ರಂಗೆ ಒಂದು ರೂಪಾಯಿ ಅನ್ನೋದು ಭೂತಾನ್ ತಾನೇ ಕೊಟ್ಟ ಮಾತು. ಅದನ್ನು ಉಳಿಸಿಕೊಳ್ಳುವ ಹೊಣೆ ಅಲ್ಲಿನ ಕೇಂದ್ರ ಬ್ಯಾಂಕ್ ಆದ ರಾಯಲ್ ಮಾನಿಟರಿ ಅಥಾರಿಟಿಯದು, ನಮ್ಮ ರಿಸರ್ವ್ ಬ್ಯಾಂಕಿನದಲ್ಲ. ಥಿಂಪುವಿನಲ್ಲಿ ರೂಪಾಯಿ ನಡೆಯುತ್ತದೆ. ಭಾರತದಲ್ಲಿ ನ್ಗುಲ್ಟ್ರಂ ಕಾನೂನುಬದ್ಧ ಹಣ ಅಲ್ಲ. ಗಡಿಯ ಜೈಗಾಂವ್‌ನ ಅಂಗಡಿಯವರು ತೆಗೆದುಕೊಂಡರೆ ಅದು ಅವರಿಷ್ಟ. ರೂಪಾಯಿಯನ್ನು ಭೂತಾನ್ ಅಚ್ಚು ಹಾಕಲಾರದು. ವಿದ್ಯುತ್ ಮಾರಿ, ಪ್ರವಾಸಿಗರಿಂದ ಗಳಿಸಿ, ಇಲ್ಲವೇ ನೆರವು, ಸಾಲ ಪಡೆದೇ ತರಬೇಕು.

ಆಗ ಆಗಿದ್ದು ಇಷ್ಟು. ಬ್ಯಾಂಕುಗಳು ಮನೆಗೆ, ಕಾರಿಗೆ ಧಾರಾಳವಾಗಿ ಸಾಲ ಕೊಟ್ಟವು. ಸಾಲ ಸಿಕ್ಕಿದ್ದು ನ್ಗುಲ್ಟ್ರಂನಲ್ಲಿ. ಆದರೆ ಕಾರು, ಡೀಸೆಲ್, ಅಕ್ಕಿ ಬರುವುದು ಭಾರತದಿಂದ. ಕಟ್ಟಡ ಕೆಲಸಕ್ಕೂ ಇಲ್ಲಿಂದಲೇ ಜನ ಹೋಗುತ್ತಾರೆ, ಕೂಲಿಯನ್ನು ಊರಿಗೆ ಕಳಿಸುತ್ತಾರೆ. ಹೀಗೆ ಒಳಗೆ ಕೊಟ್ಟ ಸಾಲ ಹೊರಗೆ ಹೋಗುವಾಗ ರೂಪಾಯಿ ಕೇಳಿತು. 2011ರ ಕೊನೆಯಲ್ಲಿ 20 ಕೋಟಿ ಡಾಲರ್ ಮಾರಿ ರೂಪಾಯಿ ಸಾಲ ತೀರಿಸಬೇಕಾಯಿತು. ಅದೂ ಸಾಲಲಿಲ್ಲ. 2012ರಲ್ಲಿ ಮನೆ ಸಾಲ, ವಾಹನ ಸಾಲ ನಿಂತವು, ವಾಹನ ಆಮದೂ ನಿಂತಿತು. ಇಂಥ ಹೊತ್ತಲ್ಲಿ ಇನ್ನಷ್ಟು ನೋಟು ಅಚ್ಚು ಹಾಕಿದ್ದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ, ಅಲ್ವಾ?

ಹಾಗಾದರೆ ಈ ಸಮದರವನ್ನೇ ಬಿಟ್ಟುಬಿಡಲಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನ್ಗುಲ್ಟ್ರಂ ಕುಸಿದರೆ ಮರುದಿನವೇ ಅಕ್ಕಿ, ಡೀಸೆಲ್ ಬೆಲೆ ಏರುತ್ತದೆ. ಹತೋಟಿ ಬೇಕಿರುವುದು ಸಾಲಕ್ಕೆ. ಜಲವಿದ್ಯುತ್ ಎಲ್ಲವನ್ನೂ ಸರಿಮಾಡುತ್ತದೆ ಅನ್ನೋ ಮಾತನ್ನೂ ಅರ್ಧ ಮಾತ್ರ ನಂಬಿ. 720 ಮೆಗಾವಾಟ್‌ನ ಮಾಂಗ್ದೆಛು ಯೋಜನೆ 2019ರಲ್ಲಿ ಉದ್ಘಾಟನೆಯಾಗಿದೆ, ನಿಜ. ಆದರೆ ಚಳಿಗಾಲದಲ್ಲಿ ನದಿಗಳು ಸೊರಗುತ್ತವೆ. ಆಗ ಭೂತಾನವೇ ಭಾರತದಿಂದ ವಿದ್ಯುತ್ ಕೊಳ್ಳುತ್ತದೆ.

ಪ್ರಶ್ನೆ: ನ್ಗುಲ್ಟ್ರಂ ಕೊಂಡಿಟ್ಟರೆ ಲಾಭವಂತೆ?

ಉತ್ತರ: ರೂಪಾಯಿಗೆ ಕಟ್ಟಿಹಾಕಿದ ಹಣ ರೂಪಾಯಿಗಿಂತ ಮೇಲೇರುವುದು ಹೇಗೆ? ಹೀಗೆ ಹೇಳಿ ದುಡ್ಡು ಕೇಳುವವರು ಮೋಸಗಾರರು.

ಪ್ರಶ್ನೆ: ಭೂತಾನದ ವಿದೇಶಾಂಗ ನೀತಿ ದೆಹಲಿಯ ಸಲಹೆಯಂತೆ ನಡೆಯಬೇಕಲ್ಲವೇ?

ಉತ್ತರ: ಆ ಮಾತು ಇದ್ದದ್ದು 1949ರ ಒಪ್ಪಂದದಲ್ಲಿ. 2007ರ ಒಪ್ಪಂದದಲ್ಲಿ ಅದನ್ನು ತೆಗೆದಿದ್ದಾರೆ.

ಪ್ರಶ್ನೆ: ನಾವು ಭೂತಾನಕ್ಕೆ ಸುಮ್ನೆ ದಾನ ಮಾಡುತ್ತಿದ್ದೇವೆ, ಅಲ್ವಾ?

ಉತ್ತರ: ಅಲ್ಲ. 336 ಮೆಗಾವಾಟ್‌ನ ಚುಖಾ ಜಲವಿದ್ಯುತ್ ಯೋಜನೆಗೆ ಕೊಟ್ಟ ಹಣದಲ್ಲಿ ಶೇ 60 ನೆರವು, ಶೇ 40 ಸಾಲ. ಅದರ ವಿದ್ಯುತ್ತಿನ ಬಹುಪಾಲು ಬಂದಿದ್ದು ನಮಗೇ. ಕೊಡುವ ಕೈ ಎಷ್ಟು ಎಚ್ಚರದಿಂದ ಇರಬೇಕು ಅನ್ನೋದಕ್ಕೆ 2013 ನೆನಪಿಸಿಕೊಳ್ಳಿ. ಅಲ್ಲಿ ಚುನಾವಣೆ ನಡೆಯುತ್ತಿದ್ದಾಗಲೇ ಅಡುಗೆ ಅನಿಲ, ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಆಮೇಲೆ ಬೇಗ ಮತ್ತೆ ಶುರುವಾಯಿತು. ಆದರೂ ಮನೆಮನೆಯ ಒಲೆಗೆ ಅದರ ಬಿಸಿ ತಟ್ಟಿತ್ತು. ಆ ನಿರ್ಧಾರ ತಪ್ಪು ಅಂತಲೇ ನಾನು ಇವತ್ತಿಗೂ ಹೇಳುತ್ತೇನೆ.

ಪ್ರಶ್ನೆ: ಪ್ರವಾಸದಲ್ಲಿ ಉಳಿದ ನ್ಗುಲ್ಟ್ರಂ ಏನು ಮಾಡಲಿ?

ಉತ್ತರ: ಫುಂಟ್‌ಶೋಲಿಂಗ್ ಗಡಿ ಪಟ್ಟಣ ದಾಟುವ ಮೊದಲೇ ಖರ್ಚು ಮಾಡಿ.