ಒಕ್ಲಹೋಮಾದ ನೆಲ ಯಾಕೆ ನಡುಗುತ್ತದೆ

ಬಾಡಿಗೆ, ಶಾಲೆ ಎಲ್ಲ ಕೇಳಿ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: "ಅಲ್ಲಿನ ಭೂಕಂಪ ಮನುಷ್ಯರೇ ಮಾಡಿದ್ದಂತೆ, ನಿಜವಾ? ಮಕ್ಕಳನ್ನು ಕರೆದುಕೊಂಡು ಒಕ್ಲಹೋಮಾ ಸಿಟಿಗೆ ಬರಬಹುದಾ?" ಉಳಿದದ್ದಕ್ಕೆ ಆಮೇಲೆ ಬರೆಯುತ್ತೇನೆ.

ನಿಜ. ಆದರೂ ಧಾರಾಳವಾಗಿ ಬನ್ನಿ.

2016ರ ಸೆಪ್ಟೆಂಬರ್ 3, ಶನಿವಾರ. ಬೆಳಗ್ಗೆ ಏಳು ಗಂಟೆಗೆ ಮಂಚ ಅಲ್ಲಾಡಿತು. ವಾಷಿಂಗ್ ಮಷಿನ್ ಕೆಟ್ಟಿತೇನೋ ಎಂದುಕೊಂಡೆ. ಅದನ್ನು ಹಾಕೇ ಇರಲಿಲ್ಲ! ಪಾನೀ ಎಂಬ ಊರಿನ ಹತ್ತಿರ 5.8ರ ಭೂಕಂಪ. ಅಮೆರಿಕದ ಈ ರಾಜ್ಯದಲ್ಲಿ ದಾಖಲಾದವುಗಳಲ್ಲಿ ಅದೇ ದೊಡ್ಡದು.

ಎಲ್ಲರೂ ಫ್ರ್ಯಾಕಿಂಗ್ ಅನ್ನೇ, ಅಂದರೆ ನೀರನ್ನು ಜೋರಾಗಿ ನುಗ್ಗಿಸಿ ಬಂಡೆ ಸೀಳಿ ಎಣ್ಣೆ ತೆಗೆಯುವುದನ್ನೇ, ಬೈಯುತ್ತಾರೆ. ಅದು ಅರ್ಧ ಸತ್ಯ. ಇಲ್ಲಿನ ಬಾವಿಗಳಲ್ಲಿ ಎಣ್ಣೆಯ ಜೊತೆ ಉಪ್ಪು ನೀರೂ ಬರುತ್ತದೆ, ಎಣ್ಣೆಗಿಂತ ಎಷ್ಟೋ ಪಾಲು ಜಾಸ್ತಿ. ಅದನ್ನು ಹೊಲಕ್ಕೂ ಬಿಡುವಂತಿಲ್ಲ, ಹೊಳೆಗೂ ಬಿಡುವಂತಿಲ್ಲ. ಅದಕ್ಕೇ ಬೇರೆ ಬಾವಿಗಳ ಮೂಲಕ ಆರ್ಬಕಲ್ ಎಂಬ ಆಳದ ಕಲ್ಲಿನ ಪದರಕ್ಕೆ ತುಂಬುತ್ತಾರೆ. ಅದರ ಕೆಳಗೇ ಹಳೇ ಗಟ್ಟಿ ಬಂಡೆ, ಬಂಡೆಯೊಳಗೆ ಬಿರುಕುಗಳು. ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ಬಿರುಕಿನ ಎರಡು ಬದಿಗಳೂ ಜಾರದೆ ನಿಂತಿರುತ್ತವೆ. ನೀರಿನ ಒತ್ತಡ ಅಲ್ಲಿಗೆ ಮುಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಜಾರುವ ಬಲ ಬಂಡೆಯಲ್ಲಿ ಮೊದಲೇ ಕೂಡಿರುತ್ತದೆ. ನೀರು ಚಿಲಕ ತೆಗೆಯುತ್ತದೆ, ಅಷ್ಟೇ.

ನಮ್ಮ ಕಡೆಯ ಕೊಯ್ನಾ ಗೊತ್ತಲ್ವಾ? ಅಣೆಕಟ್ಟಿನಲ್ಲಿ ನೀರು ನಿಲ್ಲಿಸಿದ ಕೆಲವೇ ವರ್ಷಕ್ಕೆ, 1967ರ ಡಿಸೆಂಬರ್‌ನಲ್ಲಿ, 6.3ರ ಭೂಕಂಪ. ಅಲ್ಲಿಯೂ ನೀರಿನದೇ ಕೈವಾಡ.

ಇಲ್ಲಿ 2009ಕ್ಕೆ ಮುಂಚೆ 3 ದಾಟಿದ ಕಂಪನ ವರ್ಷಕ್ಕೆ ಒಂದೆರಡು ಇದ್ದರೆ ಹೆಚ್ಚು. 2015ರಲ್ಲಿ ಸುಮಾರು 900! ಮೊದಮೊದಲು ಎಷ್ಟೋ ಜನ ಒಪ್ಪುತ್ತಿರಲಿಲ್ಲ. ಅನ್ನ ಹಾಕುವ ಎಣ್ಣೆಯ ಮೇಲೆ ತಪ್ಪು ಹೊರಿಸಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಕೊನೆಗೆ 2015ರ ಏಪ್ರಿಲ್‌ನಲ್ಲಿ ರಾಜ್ಯದ ಭೂವಿಜ್ಞಾನ ಸಂಸ್ಥೆಯೇ ಒಪ್ಪಿಕೊಂಡಿತು. ತುಂಬುವ ನೀರನ್ನು ಕಡಿಮೆ ಮಾಡಿಸಿದರು. ಪಾನೀ ನಡುಗಿದ ದಿನವೇ 37 ಬಾವಿ ನಿಲ್ಲಿಸಲು ಆದೇಶ ಹೊರಟಿತು. ಎಣ್ಣೆ ಬೆಲೆಯೂ ಬಿದ್ದಿತ್ತು, ಅದೂ ಸೇರಿತು. ಕಂಪನಗಳು ಚೆನ್ನಾಗಿಯೇ ಇಳಿದವು. ಪೂರ್ತಿ ನಿಂತಿಲ್ಲ. 2024ರ ಫೆಬ್ರವರಿಯಲ್ಲಿ ಪ್ರೇಗ್ ಎಂಬ ಊರಿನ ಹತ್ತಿರ 5.1 ಆಯಿತು.

ಮನೆ ಕೊಂಡರೆ ವಿಮೆಯ ಕಾಗದ ಓದಿ. ಭೂಕಂಪಕ್ಕೆ ಬೇರೆ ಪಾಲಿಸಿ ಬೇಕು. ಮನುಷ್ಯರಿಂದಾದ ಭೂಕಂಪಕ್ಕೂ ದುಡ್ಡು ಕೊಡುತ್ತೀರಾ ಎಂದು ಕೇಳಿ, ಉತ್ತರ ಬರಹದಲ್ಲಿರಲಿ.

ನನಗೆ ಭಯ ಸುಂಟರಗಾಳಿಯದು. ಅದನ್ನು ಯಾವ ಬಾವಿಯೂ ತರುವುದಿಲ್ಲ, ಯಾವ ಆದೇಶವೂ ನಿಲ್ಲಿಸುವುದಿಲ್ಲ. 2013ರ ಮೇ 20ರಂದು ಪಕ್ಕದ ಮೂರ್ ಎಂಬ ಊರಿನಲ್ಲಿ ಸುಂಟರಗಾಳಿಗೆ 24 ಜನ ಸತ್ತರು. ಮನೆ ನೋಡುವಾಗ ಅಡುಗೆಮನೆಗಿಂತ ಮುಂಚೆ ಗಾಳಿ ಬಂದರೆ ಅಡಗುವ ಶೆಲ್ಟರ್ ಎಲ್ಲಿದೆ ನೋಡಿ. ಶನಿವಾರ ಮಧ್ಯಾಹ್ನ 12ಕ್ಕೆ ಸೈರನ್ ಕೂಗಿದರೆ ಗಾಬರಿ ಬೇಡ, ಸುಮ್ನೆ ಪರೀಕ್ಷೆ. ಬಿರುಗಾಳಿಯ ಸೂಚನೆ ಇರುವ ದಿನ ಪರೀಕ್ಷೆ ಮಾಡುವುದಿಲ್ಲ. ಅಂಥ ದಿನ ಕೂಗಿದರೆ ಮಕ್ಕಳನ್ನು ಎತ್ತಿಕೊಂಡು ಶೆಲ್ಟರ್‌ಗೆ ಓಡಿ.