ಮಧ್ಯಯುಗದ ಯುರೋಪಿನಲ್ಲಿ ಯುದ್ಧಗಳು ನಿಜಕ್ಕೂ ಮರ್ಯಾದೆಯಿಂದ ನಡೆಯುತ್ತಿದ್ದವೇ?

ಮರ್ಯಾದೆ ಇತ್ತು, ಆದರೆ ಹೆಚ್ಚಾಗಿ ಕುಲೀನರ ನಡುವೆ ಮಾತ್ರ. 1356ರಲ್ಲಿ ಪ್ವಾತಿಯೇ ಕದನದಲ್ಲಿ ಸೆರೆಸಿಕ್ಕ ಫ್ರಾನ್ಸಿನ ದೊರೆ ಎರಡನೇ ಜಾನ್‌ನನ್ನು ಇಂಗ್ಲೆಂಡಿನ ರಾಜಕುಮಾರ ಎಡ್ವರ್ಡ್ ಅತಿಥಿಯಂತೆ ಉಪಚರಿಸಿದ. ದೊರೆಯ ಬಿಡುಗಡೆಗೆ ಕೊನೆಗೆ ಗೊತ್ತಾದ ಹಣ 30 ಲಕ್ಷ ಚಿನ್ನದ ನಾಣ್ಯ. ಅದೇ ಎಡ್ವರ್ಡ್ ಹಿಂದಿನ ವರ್ಷವಷ್ಟೇ ದಕ್ಷಿಣ ಫ್ರಾನ್ಸಿನ ಊರೂರಿಗೆ ಬೆಂಕಿ ಇಟ್ಟಿದ್ದ. ರೈತನ ಜೀವಕ್ಕೆ ಹಣ ಕೊಡುವವರಿರಲಿಲ್ಲ.

ನನ್ನನ್ನು ಹೆಚ್ಚು ಕಾಡುವುದು, ಇಂಗ್ಲೆಂಡಿನ ದೊರೆಯ ವಶದಲ್ಲಿದ್ದ ನಾರ್ಮಂಡಿಯ ಶಾತೋ ಗಯ್ಯಾರ್ ಕೋಟೆಗೆ 1203–04ರಲ್ಲಿ ಫ್ರೆಂಚರು ಹಾಕಿದ ಮುತ್ತಿಗೆ. ದವಸ ಉಳಿಸಲೆಂದು ಒಳಗಿದ್ದ ಸೈನಿಕರು, ಆಶ್ರಯ ಪಡೆದಿದ್ದ ಊರವರನ್ನು ಹೊರದಬ್ಬಿದರು. ಕೊನೆಯ ಗುಂಪನ್ನು ಫ್ರೆಂಚ್ ಸೇನೆ ದಾಟಲು ಬಿಡಲಿಲ್ಲ. ಹೆಂಗಸರು, ಮಕ್ಕಳು, ಮುದುಕರು ಕೊರೆಯುವ ಚಳಿಯಲ್ಲಿ ಗೋಡೆಗೂ ಶಿಬಿರಕ್ಕೂ ನಡುವೆ ಸಿಕ್ಕಿ, ಸೊಪ್ಪುಸದೆ ತಿನ್ನುತ್ತ ದಿನ ದೂಡಿದರು; ಅವರಲ್ಲಿ ಹಲವರು ಹಸಿವಿನಿಂದ ಸತ್ತರು.

ಕುಲೀನರಿಗೂ ಪೂರ್ತಿ ರಕ್ಷಣೆ ಇರಲಿಲ್ಲ: 1415ರಲ್ಲಿ ಅಜಿನ್‌ಕೋರ್‌ನಲ್ಲಿ ಇಂಗ್ಲೆಂಡಿನ ದೊರೆ ಐದನೇ ಹೆನ್ರಿ ಶರಣಾದ ಫ್ರೆಂಚ್ ಸೆರೆಯಾಳುಗಳನ್ನೇ ಕೊಲ್ಲಿಸಿದ.