ಓದುಗರ ಪ್ರಶ್ನೆ: ಬಿಳಿ ಬೆಳಕಿನ ಬಲ್ಬಿನೊಳಗೆ ಹಳದಿ ಏಕೆ?

ಪ್ರಶ್ನೆ: ಎಲ್‌ಇಡಿ ಬಲ್ಬಿನ ಮುಚ್ಚಳದೊಳಗೆ ಹಳದಿ ಚುಕ್ಕೆಗಳಿವೆ, ಬೆಳಕು ಮಾತ್ರ ಬಿಳಿ. ಇದು ಹೇಗೆ? ರಾತ್ರಿ ಆ ಬೆಳಕಿನಲ್ಲಿ ಕೆಂಪಡಿಕೆ ಆರಿಸುವಾಗ ಬಣ್ಣ ಮಂಕಾಗಿ ಕಾಣುವುದೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಬಿಳಿ ಬೆಳಕು ಹುಟ್ಟುವುದೇ ಆ ಹಳದಿ ಲೇಪದಿಂದ. ಚಿಪ್ ಸೂಸುವುದು ಸುಮಾರು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು. ಅದರ ಮೇಲಿರುವ, ಅತ್ಯಲ್ಪ ಸೀರಿಯಂ ಬೆರೆಸಿದ ಇಟ್ರಿಯಂ ಅಲ್ಯೂಮಿನಿಯಂ ಗಾರ್ನೆಟ್ ಎಂಬ ಫಾಸ್ಫರ್ ಪುಡಿಯು ಆ ನೀಲಿಯ ಒಂದು ಪಾಲನ್ನು ಹೀರಿಕೊಂಡು ಹಳದಿಯಾಗಿ ಹೊರಸೂಸುತ್ತದೆ, ಹೀರದೆ ಉಳಿದ ನೀಲಿಯು ಅದರೊಡನೆ ಬೆರೆತು ಕಣ್ಣಿಗೆ ಬಿಳಿಯಾಗಿ ತೋರುತ್ತದೆ. ದಕ್ಷ ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿದೆ.

ಈ ಮಿಶ್ರಣದಲ್ಲಿ ಗಾಢ ಕೆಂಪು ತೀರ ಕಡಿಮೆ. ವಸ್ತುವಿನ ಮೇಲೆ ಬೀಳದ ಬಣ್ಣ ಅದರಿಂದ ಪ್ರತಿಫಲಿಸಲಾರದಾದ್ದರಿಂದ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಕೊಟ್ಟ ಅಡಿಕೆಯ ಕೆಂಪು ಹೊಳಪು ಕಂದಾಗಿ ಕಾಣುತ್ತದೆ. ಕೆಂಪು ಸೂಸುವ, ಯುರೋಪಿಯಂ ಬೆರೆಸಿದ ನೈಟ್ರೈಡ್ ಫಾಸ್ಫರ್ ಸೇರಿಸಿದರೆ ಈ ಕೊರತೆ ನೀಗುತ್ತದೆ. ಆದರೆ ಗಾಢ ಕೆಂಪಿಗೆ ನಮ್ಮ ಕಣ್ಣಿನ ಸಂವೇದನೆ ಕಡಿಮೆಯಿರುವುದರಿಂದ ಪ್ರತಿ ವ್ಯಾಟ್‌ಗೆ ಸಿಗುವ ಲ್ಯೂಮೆನ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ತುಸು ಇಳಿಯುತ್ತದೆ. ಅಂಗಳಕ್ಕೆ ಸಾಮಾನ್ಯ ಬಲ್ಬೇ ಸಾಕು. ಅಡಿಕೆ ಆರಿಸುವ ಜಾಗಕ್ಕೆ ಮಾತ್ರ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಸೂಚ್ಯಂಕ) 90 ಅಥವಾ ಅದಕ್ಕಿಂತ ಹೆಚ್ಚಿರುವ ಬಲ್ಬನ್ನು ಕೇಳಿ ಕೊಳ್ಳಿರಿ.